ಬಾಗಿಲಾಚೆಯ ಹುಲ್ಲುಗಾವಲು

ಮಂಗೋಲಿಯಾದ ‘ದಿ ಹೂ’ ಎಂಬ ವಾದ್ಯತಂಡದ ಹೆಸರು 2018ರ ಸೆಪ್ಟೆಂಬರ್‌ವರೆಗೆ ಆ ದೇಶದ ಹೊರಗೆ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಆ ತಿಂಗಳ 27ರಂದು ಅದರ ‘ಯುವೆ ಯುವೆ ಯು’ ಎಂಬ ಹಾಡಿನ ವಿಡಿಯೊ ಯೂಟ್ಯೂಬ್‌ನಲ್ಲಿ ಬಿಡುಗಡೆಯಾಯಿತು. ಆಗಿನ್ನೂ ತಂಡದ ಒಂದೇ ಒಂದು ಆಲ್ಬಮ್ ಕೂಡ ಹೊರಬಂದಿರಲಿಲ್ಲ. ಹಾಡಿನ ಭಾಷೆ ಮಂಗೋಲಿಯನ್. ನುಡಿಸುವವರ ಕೈಯಲ್ಲಿದ್ದುದು ಗಿಟಾರ್ ಅಲ್ಲ, ತುದಿಯಲ್ಲಿ ಕುದುರೆಯ ತಲೆ ಕೆತ್ತಿದ ತಂತಿವಾದ್ಯ. ಕೊರಳಿನಿಂದ ಹೊರಡುತ್ತಿದ್ದುದು ಬಾವಿಯ ತಳದಿಂದ ಎದ್ದು ಬಂದಂಥ ಗೊಗ್ಗರು ದನಿ. ಇಂಥ ಹಾಡನ್ನು ಈವರೆಗೆ 10 ಕೋಟಿಗೂ ಹೆಚ್ಚು ಬಾರಿ ಜನ ನೋಡಿದ್ದಾರೆ. ಮಂಗೋಲಿಯಾದ ಒಟ್ಟು ಜನಸಂಖ್ಯೆ ಸುಮಾರು 35 ಲಕ್ಷ ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ಹೊಳೆಯುತ್ತದೆ.

ಹಾಡು ಇಷ್ಟೊಂದು ಜನರನ್ನು ಮುಟ್ಟಿದ್ದಕ್ಕೆ ಕಾರಣಗಳನ್ನು ಹಲವರು ಹಲವು ರೀತಿಯಲ್ಲಿ ಹೇಳಿದ್ದಾರೆ. ಪಾಶ್ಚಾತ್ಯ ರಾಕ್ ಸಂಗೀತಕ್ಕೆ ಹೊಸ ರುಚಿ ಬೇಕಿತ್ತು ಎಂದವರಿದ್ದಾರೆ; ವಿಡಿಯೊದಲ್ಲಿ ಕಾಣುವ ಬೆಟ್ಟ, ಮರಳುಗಾಡು, ಸರೋವರಗಳ ಸೊಬಗೇ ಕಾರಣ ಎಂದವರೂ ಇದ್ದಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಈ ವಿಡಿಯೊವನ್ನು ಎಚ್ಚರದಿಂದ ನೋಡಿದರೆ ಅದು ಬರಿಯ ನಿಸರ್ಗದೃಶ್ಯಗಳ ಸರಮಾಲೆಯಲ್ಲ ಎಂಬುದು ತಿಳಿಯುತ್ತದೆ. ಜಾನಪದವನ್ನು ರಾಕ್‌ನೊಂದಿಗೆ ಬೆಸೆಯುವ ಒಂದು ಇಡೀ ಸಂಗೀತ ಪ್ರಕಾರ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಹುಟ್ಟುತ್ತದೆ ಎಂಬುದನ್ನು ಅದು ಮೊದಲ ಕೆಲವು ಕ್ಷಣಗಳಲ್ಲೇ ಹೇಳಿಬಿಡುತ್ತದೆ.

ಕೋಣೆಯಿಂದ ಬಯಲಿಗೆ

ವಿಡಿಯೊ ಆರಂಭವಾಗುವುದು ಹುಲ್ಲುಗಾವಲಿನಲ್ಲಲ್ಲ, ನಾಲ್ಕು ಗೋಡೆಗಳ ನಡುವೆ. ತಂಡದ ಸದಸ್ಯರು ಇಂದಿನ ಯಾವುದೇ ನಗರದ ಯುವಕರಂತೆ ಪರದೆಗಳ ಮುಂದೆ ಹೊತ್ತು ಕಳೆಯುತ್ತಿದ್ದಾರೆ. ಆ ಕೋಣೆಗಳಲ್ಲಿ ಮಂಗೋಲಿಯಾದ್ದು ಎಂದು ಗುರುತಿಸುವಂಥ ವಿಶೇಷವೇನೂ ಇಲ್ಲ. ಆಮೇಲೆ ಬಾಗಿಲು ತೆರೆಯುತ್ತದೆ. ಆಚೆ ಬೀದಿಯಿಲ್ಲ, ಬಸ್ಸಿಲ್ಲ. ಕಣ್ಣು ಹರಿಯುವಷ್ಟೂ ದೂರ ಬಯಲು. ಅಲ್ಲಿಂದ ಮುಂದೆ ಹಾಡು ಪೂರ್ತಿ ಆ ಬಯಲಿನದು.

ಇಲ್ಲೊಂದು ಸ್ವಾರಸ್ಯವಿದೆ. 1990ರ ದಶಕದ ನಂತರದ ಮಂಗೋಲಿಯಾದ ಟಿ.ವಿ. ನೋಡಿದವರಿಗೆ ಜಾನಪದ ಗೀತೆಯ ಚಿತ್ರಣ ಹೇಗಿರುತ್ತದೆ ಎಂಬುದು ಗೊತ್ತು. ‘ದೇಲ್’ ಎಂಬ ಸಾಂಪ್ರದಾಯಿಕ ನಿಲುವಂಗಿ ತೊಟ್ಟ ಗಾಯಕ, ಹಿಂದೆ ಕುದುರೆಗಳ ಹಿಂಡು, ದೂರದಲ್ಲಿ ಬಿಳಿಯ ಡೇರೆ, ತಾಯಿಯನ್ನೋ ತವರು ನೆಲವನ್ನೋ ನೆನೆಯುವ ಹಾಡು. ಇನ್ನೊಂದು ಕಡೆ ಪಾಶ್ಚಾತ್ಯ ಹೆವಿ ಮೆಟಲ್ ತಂಡಗಳಿಗೂ ತಮ್ಮದೇ ಒಂದು ರೂಢಿಯಿದೆ. ಕರಿ ಚರ್ಮದ ಉಡುಪು, ಹಾರಾಡುವ ಉದ್ದ ಕೂದಲು, ನಿರ್ಜನವಾದ ಬಂಡೆಗಾಡು, ಅಲ್ಲಿ ಗಾಳಿಗೆ ಎದುರಾಗಿ ನಿಂತು ನುಡಿಸುವ ವಾದಕರು. ‘ಯುವೆ ಯುವೆ ಯು’ ಈ ಎರಡೂ ರೂಢಿಗಳನ್ನು ಒಂದರ ಮೇಲೊಂದು ಇಟ್ಟಿದೆ. ನೆಲ ಮೊದಲನೆಯದರದು, ನಿಲುವು ಎರಡನೆಯದರದು. ಬಯಲು ಎರಡಕ್ಕೂ ಸಮಾನವಾದುದರಿಂದ ಬೆಸುಗೆ ಎಲ್ಲಿಯೂ ಕಾಣುವುದಿಲ್ಲ.

ಈ ಎರಡರಲ್ಲೂ ಇಲ್ಲದ ಅಂಶವೆಂದರೆ ಆ ಕೋಣೆ. ಜಾನಪದ ಗೀತೆಯ ವಿಡಿಯೊಗಳು ಸಾಮಾನ್ಯವಾಗಿ ಗಾಯಕ ಹುಟ್ಟಿದಾರಭ್ಯ ಆ ಹುಲ್ಲಿನ ಮೇಲೇ ನಿಂತಿದ್ದಾನೇನೋ ಎಂಬಂತೆ ತೋರಿಸುತ್ತವೆ. ಇಲ್ಲಿ ಹಾಗಿಲ್ಲ. ಹಾಡುವವರು ನಗರದವರು, ಬಯಲು ಅವರಿಗೆ ಬಾಗಿಲು ತೆರೆದು ಹೋಗಬೇಕಾದ ಜಾಗ ಎಂಬುದನ್ನು ವಿಡಿಯೊ ಬಚ್ಚಿಡುವುದಿಲ್ಲ.

ವಾಸ್ತವವೂ ಅದೇ. ಗಾಲಾ, ಜಯಾ, ಎಂಖುಶ್, ತೆಮ್ಕಾ ಎಂಬ ಹೆಸರುಗಳಿಂದ ಪರಿಚಿತರಾದ ಮೂಲ ತಂಡದ ನಾಲ್ವರು ಕಾಡುಮೇಡಿನಲ್ಲಿ ಕುರಿ ಕಾಯುತ್ತ ಹಾಡು ಕಲಿತವರಲ್ಲ. ಸಂಗೀತ ಶಾಲೆಗಳಲ್ಲಿ ಶಾಸ್ತ್ರೋಕ್ತವಾಗಿ ಸಾಂಪ್ರದಾಯಿಕ ವಾದ್ಯಗಳನ್ನು ಅಭ್ಯಾಸ ಮಾಡಿದವರು. ನಿರ್ಮಾಪಕ ದಶ್ಕಾ ಅವರ ಜತೆಗೂಡಿ 2016ರಲ್ಲಿ ರಾಜಧಾನಿ ಉಲಾನ್‌ಬಾತರಿನಲ್ಲಿ ತಂಡ ಕಟ್ಟಿದರು. ತಮ್ಮ ಸಂಗೀತಕ್ಕೆ ‘ಹುನ್ನು ರಾಕ್’ ಎಂದು ಹೆಸರಿಟ್ಟರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಚೀನಾದ ಉತ್ತರಕ್ಕೆ ತಲೆಯೆತ್ತಿದ ಅಲೆಮಾರಿ ಸಾಮ್ರಾಜ್ಯದ ಹೆಸರು ಹುನ್ನು. ಯೂರೋಪನ್ನು ನಡುಗಿಸಿದ ಹೂಣರು ಇವರ ವಂಶದವರೇ ಎಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ. ‘ಹೂ’ ಎಂಬುದು ಮಂಗೋಲಿಯನ್ ಭಾಷೆಯಲ್ಲಿ ‘ಮನುಷ್ಯ’ ಎಂಬ ಪದದ ಮೂಲ.

ಒಂದು ಕೊರಳು, ಎರಡು ಸ್ವರ

ಹುನ್ನು ರಾಕ್‌ನಲ್ಲಿ ಕಿವಿಗೆ ಮೊದಲು ಬೀಳುವುದು ಕಂಠ. ‘ಖೂಮಿ’ ಎಂಬ ಈ ಗಾಯನ ಪದ್ಧತಿಯಲ್ಲಿ ಒಬ್ಬನೇ ಗಾಯಕ ಏಕಕಾಲಕ್ಕೆ ಎರಡು ಸ್ವರ ಹೊರಡಿಸುತ್ತಾನೆ. ಇದು ಮಾಯೆಯಲ್ಲ. ತಂಬೂರಿಯನ್ನು ಮೀಟಿದಾಗ ಯಾವ ತಂತಿಗೂ ಶ್ರುತಿ ಮಾಡದ ಗಾಂಧಾರ ಸ್ವರ ತಾನಾಗಿ ಕೇಳಿಸುವುದನ್ನು ಸಂಗೀತ ಬಲ್ಲವರು ಗಮನಿಸಿರುತ್ತಾರೆ. ಪ್ರತಿಯೊಂದು ನಾದದೊಳಗೂ ಅಡಗಿರುವ ಮೇಲಿನ ಸ್ವರಗಳು ಅವು. ಖೂಮಿ ಗಾಯಕ ನಾಲಿಗೆ, ತುಟಿ, ಗಂಟಲುಗಳ ಆಕಾರವನ್ನು ಬದಲಿಸುತ್ತ ಅಂಥ ಒಂದು ಸ್ವರವನ್ನು ಮಾತ್ರ ಆರಿಸಿ ಎತ್ತಿ ಹಿಡಿಯುತ್ತಾನೆ. ಕೆಳಗೆ ಆಧಾರ ಶ್ರುತಿ ಹರಿಯುತ್ತಿದ್ದರೆ ಮೇಲೆ ಸಿಳ್ಳೆಯಂಥ ನಾದ ತೇಲುತ್ತದೆ.

ಇದರದೇ ಇನ್ನೊಂದು ಬಗೆ ‘ಖರ್ಖಿರಾ’. ಇಲ್ಲಿ ಸ್ವರತಂತುಗಳ ಜತೆಗೆ ಅವುಗಳ ಮೇಲ್ಗಡೆ ಇರುವ ಮಡಿಕೆಗಳೂ ಕಂಪಿಸುವುದರಿಂದ ಹಾಡುತ್ತಿರುವ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಘನವಾದ ದನಿ ಹುಟ್ಟುತ್ತದೆ. ‘ದಿ ಹೂ’ ಹಾಡುಗಳಲ್ಲಿ ಹೆಚ್ಚಾಗಿ ಕೇಳುವುದು ಈ ಬಗೆಯೇ. ಹೆವಿ ಮೆಟಲ್ ಗಾಯಕರ ಗರ್ಜನೆಗೆ ಕಿವಿ ಪಳಗಿದವರಿಗೆ ಇದು ಮೊದಲ ಬಾರಿಗೇ ಪರಿಚಿತ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡೂ ಗಂಟಲಿನ ಹೆಚ್ಚುಕಡಿಮೆ ಅದೇ ಭಾಗವನ್ನು ದುಡಿಸಿಕೊಳ್ಳುತ್ತವೆ. ವ್ಯತ್ಯಾಸವಿರುವುದು ಭಾವದಲ್ಲಿ. ಮೆಟಲ್‌ನಲ್ಲಿ ಅದು ರೋಷದ ದನಿ. ಮಂಗೋಲಿಯಾದಲ್ಲಿ ಅದು ಗಾಳಿ, ನದಿ, ಬೆಟ್ಟಗಳ ದನಿಯ ಅನುಕರಣೆಯಿಂದ ಬಂದದ್ದೆಂಬ ನಂಬಿಕೆಯಿದೆ. ಮಂಗೋಲಿಯಾದ ಖೂಮಿ 2010ರಲ್ಲಿ ಯುನೆಸ್ಕೊದ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿತು.

ವಾದ್ಯಗಳಲ್ಲಿ ಮುಖ್ಯವಾದುದು ‘ಮೋರಿನ್ ಹೂರ್’, ಅಂದರೆ ಕುದುರೆಯ ಪಿಟೀಲು. ಚೌಕಟ್ಟಿನಂಥ ಮರದ ಒಡಲು, ಎರಡೇ ತಂತಿ, ತುದಿಯಲ್ಲಿ ಕುದುರೆಯ ತಲೆ. ತಂತಿಗಳೂ ಕಮಾನೂ ಮೂಲತಃ ಕುದುರೆಯ ಬಾಲದ ಕೂದಲಿನವು. ಸತ್ತುಹೋದ ತನ್ನ ನೆಚ್ಚಿನ ಕುದುರೆಯ ನೆನಪಿಗಾಗಿ ಅದರ ತಲೆ, ಚರ್ಮ, ಬಾಲಗಳಿಂದಲೇ ಒಬ್ಬ ಸವಾರ ಇದನ್ನು ಮಾಡಿದನೆಂಬ ಐತಿಹ್ಯವಿದೆ. ಅಲೆಮಾರಿ ಜೀವನದಲ್ಲಿ ಈ ವಾದ್ಯ ಕೇವಲ ಮನರಂಜನೆಗಲ್ಲ. ಕರುವನ್ನು ಹತ್ತಿರ ಸೇರಿಸದ ತಾಯಿ ಒಂಟೆಯ ಮುಂದೆ ಮೋರಿನ್ ಹೂರ್ ನುಡಿಸಿ, ಹಾಡಿ, ಅದು ಕರುವಿಗೆ ಹಾಲೂಡಿಸುವಂತೆ ಒಲಿಸುವ ಪದ್ಧತಿ ಗೋಬಿ ಮರುಭೂಮಿಯ ಪಶುಪಾಲಕರಲ್ಲಿದೆ. 2003ರ ‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ ಚಿತ್ರದ ಕಥೆ ಇದೇ.

ಇದರ ಜತೆಗೆ ಮೀಟಿ ನುಡಿಸುವ ಎರಡು ತಂತಿಯ ‘ತೋವ್‌ಶೂರ್’, ‘ತ್ಸೂರ್’ ಎಂಬ ಕೊಳಲು, ಹಲ್ಲಿಗೆ ಆನಿಸಿ ನುಡಿಸುವ ‘ತುಮುರ್ ಹೂರ್’ ಇವೆ. ಕೊನೆಯದನ್ನು ನೋಡಿದ ಕೂಡಲೇ ಕರ್ನಾಟಕ ಸಂಗೀತದ ಶ್ರೋತೃಗಳು ‘ಇದು ನಮ್ಮ ಮೋರ್ಸಿಂಗ್’ ಎನ್ನುತ್ತಾರೆ. ಎರಡೂ ಒಂದೇ ಕುಲದ ವಾದ್ಯಗಳು. ಮೋರಿನ್ ಹೂರ್ ಮತ್ತು ತೋವ್‌ಶೂರ್‌ಗಳಲ್ಲಿ ಕುದುರೆಯ ನಡೆ, ನಾಗಾಲೋಟಗಳನ್ನು ನುಡಿಸುವ ಲಯಗಳು ಹಿಂದಿನಿಂದಲೂ ಬಂದಿವೆ. ಮೆಟಲ್ ಸಂಗೀತದಲ್ಲಿಯೂ ‘ಗ್ಯಾಲಪ್’ ಎಂದೇ ಕರೆಯುವ ಓಟದ ಲಯವೊಂದಿದೆ. ಎರಡು ಪರಂಪರೆಗಳು ಕೈಕುಲುಕಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಸಾಹಿತ್ಯವೂ ಅದಕ್ಕೆ ಒದಗಿಬರುತ್ತದೆ. ಮಂಗೋಲಿಯನ್ ಪದ್ಯದಲ್ಲಿ ಪ್ರಾಸ ಬೀಳುವುದು ಸಾಲಿನ ಕೊನೆಯಲ್ಲಲ್ಲ, ಮೊದಲಲ್ಲಿ. ಆದಿಪ್ರಾಸವನ್ನು ಬಲ್ಲ ಕನ್ನಡ ಕಾವ್ಯದ ಓದುಗರಿಗೆ ಇದು ಅಪರಿಚಿತವಲ್ಲ. ಸಾಲಿನ ಮೊದಲ ಉಚ್ಚಾರದಲ್ಲೇ ಒತ್ತು ಬೀಳುವುದರಿಂದ ನಗಾರಿಯ ಪೆಟ್ಟಿಗೆ ಅದು ಸಹಜವಾಗಿ ಹೊಂದಿಕೊಳ್ಳುತ್ತದೆ.

ಮರೆಸಿದ ಹೆಸರು, ಮರಳಿದ ಹೆಸರು

ಪಶುಪಾಲಕರ ಡೇರೆಯಲ್ಲಿದ್ದ ಈ ಕಲೆ ಸಂಗೀತ ಶಾಲೆಗೆ ಬಂದದ್ದು ಹೇಗೆ? ಅದಕ್ಕೆ 20ನೇ ಶತಮಾನದ ಇತಿಹಾಸಕ್ಕೆ ಹೋಗಬೇಕು. 1924ರಿಂದ ಸುಮಾರು ಏಳು ದಶಕ ಮಂಗೋಲಿಯಾ ಸೋವಿಯತ್ ಒಕ್ಕೂಟದ ನೆರಳಿನಲ್ಲಿದ್ದ ಸಮಾಜವಾದಿ ಗಣರಾಜ್ಯ. 1930ರ ದಶಕದ ಕೊನೆಯಲ್ಲಿ ಬೌದ್ಧ ಮಠಗಳು ನೆಲಸಮವಾದವು, ಸಾವಿರಾರು ಲಾಮಾಗಳು ಕೊಲೆಯಾದರು. 1940ರ ದಶಕದಲ್ಲಿ ಹಳೆಯ ಲಿಪಿ ಹೋಗಿ ಸಿರಿಲಿಕ್ ಲಿಪಿ ಬಂತು. ಚೆಂಗೀಸ್ ಖಾನನ ಹೆಸರೆತ್ತುವುದು ರಾಷ್ಟ್ರೀಯವಾದದ ಅಪರಾಧವೆನಿಸಿತು. 1962ರಲ್ಲಿ ಅವನ 800ನೇ ಜನ್ಮವರ್ಷದ ನೆನಪಿಗೆ ಸ್ಮಾರಕವೊಂದು ಎದ್ದಿತಾದರೂ ಆ ಆಚರಣೆಗೆ ಒತ್ತಾಸೆಯಾಗಿದ್ದ ಪಕ್ಷದ ಹಿರಿಯ ನಾಯಕ ತೊಮೊರ್ ಒಚಿರ್ ಅಧಿಕಾರ ಕಳೆದುಕೊಳ್ಳಬೇಕಾಯಿತು.

ಜಾನಪದ ಸಂಗೀತವನ್ನು ಆ ಸರ್ಕಾರ ನಿಷೇಧಿಸಲಿಲ್ಲ; ತಿದ್ದಿತು. ಡೇರೆಯೊಳಗೆ ಹತ್ತು ಜನರಿಗೆ ಕೇಳಿದರೆ ಸಾಕಿದ್ದ ಮೋರಿನ್ ಹೂರ್ ದೊಡ್ಡ ರಂಗಮಂದಿರದ ಕೊನೆಯ ಸಾಲಿಗೂ ಕೇಳಬೇಕಾಯಿತು. 1960ರ ದಶಕದಲ್ಲಿ ಸೋವಿಯತ್ ಪಿಟೀಲು ತಯಾರಕನೊಬ್ಬನ ನೆರವಿನಿಂದ ಅದರ ಚರ್ಮದ ಮುಖಕ್ಕೆ ಬದಲು ಮರದ ಹಲಗೆ ಬಂತು. ಮನೆಯಲ್ಲಿ ಅಪ್ಪನಿಂದ ಮಗನಿಗೆ ಬರುತ್ತಿದ್ದ ವಿದ್ಯೆಗೆ ಪಠ್ಯಕ್ರಮ ಬಂತು, ವಾದ್ಯವೃಂದ ಬಂತು. ಇಂದು ‘ಅಪ್ಪಟ ಜಾನಪದ’ ಎಂದು ಜಗತ್ತು ಮೆಚ್ಚುವ ದನಿಯಲ್ಲಿ ಆ ಕಾಲದ ಸುತ್ತಿಗೆ ಉಳಿಗಳ ಗುರುತೂ ಇದೆ.

ರಾಕ್ ಕೂಡ ಅಲ್ಲಿಗೆ ಮೊದಲು ಬಂದದ್ದು ಸರ್ಕಾರದ ಕೃಪೆಯಿಂದಲೇ. 1971ರಲ್ಲಿ ‘ಸೊಯೊಲ್ ಎರ್ದೆನೆ’ ಎಂಬ ತಂಡ ಅಧಿಕೃತವಾಗಿ ರೂಪುಗೊಂಡಿತು. ಆದರೆ ಪ್ರಜಾಪ್ರಭುತ್ವಕ್ಕಾಗಿ ಯುವಜನರು ಉಲಾನ್‌ಬಾತರಿನ ಚೌಕದಲ್ಲಿ ಸೇರಿದ 1989-90ರ ಚಳಿಗಾಲದಲ್ಲಿ ಅದೇ ರಾಕ್ ಸರ್ಕಾರದ ವಿರುದ್ಧ ತಿರುಗಿತು. ‘ಖೋಂಖ್’, ಅಂದರೆ ಗಂಟೆ, ಎಂಬ ತಂಡದ ಹಾಡು ಆ ಚಳವಳಿಯ ಗೀತೆಯಾಯಿತು. ಗುಂಡು ಹಾರದೆ ಸರ್ಕಾರ ಬದಲಾಯಿತು.

ಅಲ್ಲಿಂದ ಮುಂದೆ ಜಾನಪದ ವಾದ್ಯಗಳೂ ರಾಕ್ ಲಯವೂ ಹತ್ತಿರವಾಗುತ್ತ ಬಂದವು. ನೆರೆಯ ತುವಾ ಪ್ರದೇಶದ ‘ಯಾತ್ ಖಾ’ 1990ರ ದಶಕದಲ್ಲೇ ಗಂಟಲ ಗಾಯನಕ್ಕೆ ವಿದ್ಯುತ್ ಗಿಟಾರ್ ಸೇರಿಸಿತ್ತು. ಉಲಾನ್‌ಬಾತರಿನಲ್ಲಿ 2002ರಲ್ಲಿ ಆರಂಭವಾದ ‘ಅಲ್ತಾನ್ ಉರಾಗ್’ ಇದೇ ದಾರಿ ಹಿಡಿಯಿತು. ‘ದಿ ಹೂ’ ಹಾದಿಯನ್ನು ಕಡಿದವರಲ್ಲ. ಹಾದಿ ಹೆದ್ದಾರಿಯಾಗುವ ಹೊತ್ತಿಗೆ ಬಂದವರು.

ಹೊಗಳಿಕೆಯಲ್ಲ, ಬೈಗುಳ

ಈ ಹಿನ್ನೆಲೆಯಲ್ಲಿ ಹಾಡಿನ ಅರ್ಥವನ್ನು ಗಮನಿಸಬೇಕು. ಮಂಗೋಲಿಯಾದಲ್ಲಿ ‘ಮಗ್ತಾಲ್’ ಎಂಬ ಸ್ತುತಿಗೀತೆಯ ಪ್ರಕಾರವಿದೆ. ಬೆಟ್ಟವನ್ನು, ನದಿಯನ್ನು, ಕುದುರೆಯನ್ನು, ವೀರರನ್ನು ಹೊಗಳುವ ಗೀತೆ ಅದು. ಚರ್ಮದ ಉಡುಪಿನ ಗಂಡಸರು ಬೆಟ್ಟದ ಮೇಲೆ ನಿಂತು ಗರ್ಜಿಸುವುದನ್ನು ನೋಡಿದ ಭಾಷೆಯರಿಯದ ಪ್ರೇಕ್ಷಕ, ಇದೂ ಪೂರ್ವಜರ ಪರಾಕ್ರಮದ ವರ್ಣನೆ ಇರಬೇಕೆಂದು ಭಾವಿಸುವುದು ಸಹಜ. ಆದರೆ ಮಾತಿನ ಅರ್ಥ ಬೇರೆಯೇ. ‘ಯುವೆ ಯುವೆ ಯು’ ಎಂದರೆ ‘ಇದೆಂಥ ವಿಚಿತ್ರ’ ಎಂಬಂಥ ಉದ್ಗಾರ. ಹಿರಿಯರ ಹೆಸರು ಹೇಳಿಕೊಂಡು ಎಷ್ಟು ಕಾಲ ಜಂಬ ಕೊಚ್ಚುತ್ತೀರಿ, ಆಡಿದ ಮಾತನ್ನು ಉಳಿಸಿಕೊಳ್ಳುವುದು ನಿಮಗೇಕೆ ಇಷ್ಟು ಕಷ್ಟ, ನೆಲವನ್ನು ಕಾಯುವ ಶಪಥ ಎಲ್ಲಿ ಹೋಯಿತು ಎಂದು ಹಾಡು ಕೇಳುತ್ತದೆ. ಸ್ತುತಿಯ ಧಾಟಿಯಲ್ಲಿ ಹೇಳಿರುವುದು ನಿಂದೆ. ಅದೂ ಪರರ ನಿಂದೆಯಲ್ಲ, ತಮ್ಮವರದೇ.

ಆ ಜಂಬಕ್ಕೆ ಕಾರಣವೂ ಇತ್ತು. 1990ರ ನಂತರ ಚೆಂಗೀಸ್ ಖಾನನ ಹೆಸರು ಒಮ್ಮೆಲೇ ಮರಳಿ ಬಂದು ಎಲ್ಲೆಲ್ಲಿಯೂ ಕುಳಿತಿತು. ವಿಮಾನ ನಿಲ್ದಾಣಕ್ಕೆ, ವೋಡ್ಕಾ ಬಾಟಲಿಗೆ ಅದೇ ಹೆಸರು. 2008ರಲ್ಲಿ ರಾಜಧಾನಿಯ ಹೊರಗೆ ಕುದುರೆ ಏರಿದ ಅವನ 40 ಮೀಟರ್ ಎತ್ತರದ ಉಕ್ಕಿನ ಪ್ರತಿಮೆ ಎದ್ದು ನಿಂತಿತು. ಏಳು ದಶಕ ಬಾಯಿ ಕಟ್ಟಿದ್ದ ಜನ ಹೆಮ್ಮೆ ಪಟ್ಟರೆ ತಪ್ಪೇನೂ ಇಲ್ಲ. ಆದರೆ ಹೆಮ್ಮೆಯ ಹೆಸರು ಅಂಗಡಿಯ ಸರಕಾದಾಗ, ಆ ಹೆಸರು ಹೊರಿಸುವ ಹೊಣೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ವಿಡಿಯೊದ ಮೊದಲ ಕೋಣೆ ಈ ಪ್ರಶ್ನೆಯ ಚಿತ್ರರೂಪ. ಬೈಸಿಕೊಳ್ಳುತ್ತಿರುವವರು ಬೇರೆ ಯಾರೋ ಅಲ್ಲ, ಪರದೆಯ ಮುಂದೆ ಕುಳಿತಿರುವ ಆ ಯುವಕರೇ.

ಹಾಡಿನ ನಸೀಬು ನೋಡಿ. ಇಂಥ ಹಾಡಿನಿಂದ ಹೆಸರು ಮಾಡಿದ ತಂಡಕ್ಕೆ 2019ರಲ್ಲಿ ಮಂಗೋಲಿಯಾ ಸರ್ಕಾರ ನೀಡಿ ಗೌರವಿಸಿದ್ದು ಚೆಂಗೀಸ್ ಖಾನನ ಹೆಸರಿನದೇ ಅತ್ಯುನ್ನತ ಪ್ರಶಸ್ತಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಆಲ್ಬಮ್‌ನ ಹೆಸರು ‘ದಿ ಗೆರೆಗ್’. ಮಂಗೋಲ್ ಸಾಮ್ರಾಜ್ಯದಲ್ಲಿ ದೂತರು ಗಡಿ ದಾಟಲು ಹಿಡಿದೊಯ್ಯುತ್ತಿದ್ದ ರಹದಾರಿ ಫಲಕವೇ ಗೆರೆಗ್. 2022ರಲ್ಲಿ ಯುನೆಸ್ಕೊ ಈ ತಂಡವನ್ನು ‘ಶಾಂತಿಯ ಕಲಾವಿದರು’ ಎಂದು ಹೆಸರಿಸಿತು.

ಆಕ್ಷೇಪಗಳೂ ಇಲ್ಲದಿಲ್ಲ. ಯೋಧರ ಠೀವಿಯ ಈ ಪ್ರದರ್ಶನ ಪಾಶ್ಚಾತ್ಯ ಮಾರುಕಟ್ಟೆಗೆಂದೇ ಸಿದ್ಧಪಡಿಸಿದ ವೇಷವಲ್ಲವೇ ಎಂದು ಕೇಳಬಹುದು. 1258ರಲ್ಲಿ ಮಂಗೋಲರು ಸುಟ್ಟ ಬಾಗ್ದಾದಿನ ಜನರಿಗೆ ಕುದುರೆ ಸವಾರರ ಈ ವೈಭವ ಬೇರೆಯದೇ ಆಗಿ ಕೇಳಿಸೀತು. ಆದರೆ ವೇಷವಿಲ್ಲದ ಜಾನಪದ ರಂಗವೇದಿಕೆ ಎಲ್ಲಿದೆ? ದೇಲ್ ತೊಟ್ಟು ಹಾಡುವ ನಗರದ ಗಾಯಕನದೂ ವೇಷವೇ. ಇಲ್ಲಿ ವೇಷ ತೊಡುವ ಮೊದಲಿನ ಮುಖವನ್ನೂ ತೋರಿಸಿದ್ದಾರೆ ಎಂಬುದು ಗಮನಾರ್ಹ.

ಎದುರು ದಿಕ್ಕಿನ ಪಯಣ

ಹಾಗಾದರೆ ಬಾಗಿಲಾಚೆಯ ಆ ಬಯಲಿನ ಸ್ಥಿತಿ ಏನು? ಕರ್ನಾಟಕದ ಎಂಟು ಪಟ್ಟು ವಿಸ್ತಾರವಾದ ಮಂಗೋಲಿಯಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂದು ಒಂದೇ ಊರಿನಲ್ಲಿ, ಉಲಾನ್‌ಬಾತರಿನಲ್ಲಿ, ವಾಸಿಸುತ್ತಾರೆ. ಬೇಸಿಗೆಯ ಬರದ ಬೆನ್ನಿಗೆ ಕಡುಚಳಿ ಬಂದು, ಹುಲ್ಲು ಹಿಮದಡಿ ಹೂತು ದನಕುರಿಗಳು ಗುಂಪುಗುಂಪಾಗಿ ಸಾಯುವ ವಿಪತ್ತಿಗೆ ಅಲ್ಲಿ ‘ಜುದ್’ ಎನ್ನುತ್ತಾರೆ. 2023-24ರ ಒಂದೇ ಚಳಿಗಾಲದಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಹಿಂಡು ಕಳೆದುಕೊಂಡ ಕುಟುಂಬಕ್ಕೆ ಬಯಲಿನಲ್ಲಿ ಉಳಿಯಲು ಆಧಾರವಿಲ್ಲ. ಡೇರೆ ಬಿಚ್ಚಿ ಲಾರಿಗೆ ಹೇರಿ ರಾಜಧಾನಿಗೆ ಬರುತ್ತಾರೆ, ಊರಂಚಿನ ದಿಬ್ಬಗಳ ಮೇಲೆ ಅದೇ ಡೇರೆ ಹಾಕುತ್ತಾರೆ. ಮೈನಸ್ 30 ಡಿಗ್ರಿಯ ಚಳಿಯಲ್ಲಿ ಒಲೆಗೆ ಕಲ್ಲಿದ್ದಲು ತುಂಬುತ್ತಾರೆ. ಆ ಹೊಗೆಯಿಂದ ಚಳಿಗಾಲದ ಉಲಾನ್‌ಬಾತರ್ ಜಗತ್ತಿನ ಅತಿ ಕಲುಷಿತ ನಗರಗಳ ಸಾಲಿಗೆ ಸೇರಿತು.

ಅಂದರೆ ವಿಡಿಯೊದಲ್ಲಿ ಜನ ನಗರದ ಕೋಣೆಯಿಂದ ಬಯಲಿಗೆ ನಡೆಯುತ್ತಾರೆ. ದೇಶದ ಬದುಕಿನಲ್ಲಿ ಬಯಲಿನಿಂದ ನಗರದ ಕೋಣೆಗೆ ನಡೆಯುತ್ತಿದ್ದಾರೆ. ಬಾಗಿಲು ಒಂದೇ, ಪಯಣದ ದಿಕ್ಕು ಮಾತ್ರ ಬೇರೆ. ಜಾನಪದ ರಾಕ್ ಎಂಬ ಪ್ರಕಾರ ಹುಟ್ಟುವುದು ಈ ಎರಡು ಪಯಣಗಳು ಎದುರಾಗುವ ಹೊಸ್ತಿಲಿನಲ್ಲಿ. ಹಳ್ಳಿಯಲ್ಲೇ ಉಳಿದವನಿಗೆ ತನ್ನ ಹಾಡು ‘ಜಾನಪದ’ ಎನಿಸುವುದಿಲ್ಲ, ಅದು ಒಂಟೆಯನ್ನು ಒಲಿಸುವ ಕೆಲಸ ಅಷ್ಟೆ. ಅದನ್ನು ಬಿಟ್ಟುಬಂದವನ ಮಗನಿಗೆ ಅದು ಕಲಿತು ಪಡೆಯಬೇಕಾದ ಆಸ್ತಿಯಾಗುತ್ತದೆ.

ಕಲಿತು ಪಡೆದದ್ದು ಎಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಹಾಡು ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ. ಪೂರ್ವಜರ ದನಿಯನ್ನು ಎತ್ತಿಕೊಂಡವರು ಅವರು ಕಾಯ್ದ ಹುಲ್ಲನ್ನೂ ಕಾಯುವರೇ? ವಿಡಿಯೊದಲ್ಲಿ ಬಯಲು ಖಾಲಿಯಾಗಿದೆ, ನೋಡಲು ಸುಂದರವಾಗಿದೆ. ಅಲ್ಲಿ ದನಕುರಿಗಳೂ ಅವನ್ನು ಕಾಯುವವರೂ ಉಳಿಯುವರೋ ಇಲ್ಲವೋ ಎಂಬುದರ ಮೇಲೆ ಆ ಸೌಂದರ್ಯದ ಅರ್ಥ ನಿಂತಿದೆ.